ಟಿಂಬಾಪುರದ ಮಹಾರಾಜನ ಪಾತ್ರ

ಮೆಲ್ಬರ್ನಿನ ಕ್ಲೇಟನ್‌ನಲ್ಲಿದ್ದ ಸಿವಿಲ್ ಇಂಜಿನಿಯರ್ ಗೋಪೀನಾಥರಿಗೆ ಕಂಠವಿತ್ತು, ವೇದಿಕೆ ಇರಲಿಲ್ಲ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಕಂಪನಿ ನಾಟಕಗಳನ್ನು ನೋಡಿ ನೋಡಿ, ಮೈಕು ಬೇಡದ ದನಿ ಬೆಳೆಸಿಕೊಂಡಿದ್ದರು. ಆದರೆ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಅವರ ಪಾಲಿಗೆ ಬರುತ್ತಿದ್ದುದು ವಂದನಾರ್ಪಣೆ ಮಾತ್ರ.

೧೯೯೧ರಲ್ಲಿ ಅಲ್ಲಿನ ಹವ್ಯಾಸಿ ತಂಡವೊಂದು ಬ್ರಾಡ್‌ವೇಯ ಹಳೆಯ ಸಂಗೀತ ನಾಟಕವೊಂದನ್ನು ಆಡಲು ಹೊರಟಿತು. ಹೆಸರು 'ಟಿಂಬಾಪುರದ ಮಹಾರಾಜ'. ಶತಮಾನದ ಆರಂಭದಲ್ಲಿ ಅದನ್ನು ಬರೆದ ನ್ಯೂಯಾರ್ಕಿನ ಇಬ್ಬರು ಗೆಳೆಯರು ಎಂದೂ ಹಡಗು ಹತ್ತಿದವರಲ್ಲ. ಮೊದಲು ಬರೆದದ್ದು ತುರ್ಕಿಯ ಸುಲ್ತಾನನ ಕಥೆ. ಬಾಸ್ಟನ್ನಿನಲ್ಲಿ ಜನ ಮಧ್ಯಂತರಕ್ಕೇ ಎದ್ದುಹೋದರು. ಪೇಟಗಳನ್ನು ಹೊಲಿಸಿಯಾಗಿತ್ತು. ಪೇಟ ಉಳಿಸಿಕೊಂಡು, ಸುಲ್ತಾನನನ್ನು ಮಹಾರಾಜನಾಗಿಸಿ, ಒಂದು ವಿರಹದ ಹಾಡು ಸೇರಿಸಿ ನ್ಯೂಯಾರ್ಕಿಗೆ ತಂದರು. ಅಲ್ಲಿ ವರ್ಷವಿಡೀ ಟಿಕೆಟ್ ಸಿಗದಷ್ಟು ಜನ. ಆಮೇಲೆ ಮೆಲ್ಬರ್ನಿಗೂ ಬಂದು, ಚೆನ್ನಾಗಿಯೇ ಓಡಿ, ಎಲ್ಲರಿಗೂ ಮರೆತುಹೋಯಿತು. ನಿರ್ದೇಶಕಿ ಗ್ಲೆನಿಸ್‌ಗೆ ಮಾತ್ರ ನೆನಪಿತ್ತು. ಅವಳ ಅಜ್ಜಿ ಅದರಲ್ಲಿ ಕುಣಿದಿದ್ದಳು.

ಗೋಪೀನಾಥರು ಆ ವಿರಹದ ಹಾಡನ್ನು ಆಲಾಪನೆ ಸಮೇತ ಹಾಡಿ ಮಹಾರಾಜನ ಪಾತ್ರ ಗಿಟ್ಟಿಸಿಕೊಂಡರು. ಆಫೀಸಿನವರಿಗೆಲ್ಲ ಟಿಕೆಟ್ ಬುಕ್ ಮಾಡಿಸಿದರು. ರಿಹರ್ಸಲ್‌ನಲ್ಲಿ ಗ್ಲೆನಿಸ್, "ಗೋಪಿ, ಇನ್ನೂ ಸ್ವಲ್ಪ ಇಂಡಿಯನ್ ಆಗಿ ಮಾತಾಡಿ" ಎಂದಳು. ಅವರು ಪ್ರಯತ್ನಿಸಿದರು. ದೀಪದ ಬೆಳಕಿನಲ್ಲಿ ಬೆಳ್ಳಗೆ ಕಾಣುತ್ತಾರೆಂದು ಮುಖಕ್ಕೆ ಕಂದು ಬಣ್ಣ ಬಳಿಸಿದಳು. ಅದನ್ನೂ ಸಹಿಸಿದರು. ಬಣ್ಣದಲ್ಲೇ ಮನೆಗೆ ಬಂದಾಗ ಹೆಂಡತಿ ಜಯಲಕ್ಷ್ಮಿ, "ಏನ್ರೀ ಇದು? ಇರೋ ಬಣ್ಣ ಸಾಲ್ದಾ?" ಎಂದರು.

"ಸ್ಟೇಜ್ ಕಣೇ. ನಿಂಗೊತ್ತಾಗಲ್ಲ."

ಪ್ರದರ್ಶನಕ್ಕೆ ಹದಿನೈದು ದಿನವಿದ್ದಾಗ ತಂಡದ ಸಮಿತಿಗೆ ವಿವೇಕ ಮೂಡಿತು. ಕಾಲ ಬದಲಾಗಿದೆ, ಮಹಾರಾಜನನ್ನು ಗೇಲಿ ಮಾಡುವುದು ಸಲ್ಲದು ಎಂದು ಅವನನ್ನು ಮತ್ತೆ ಸುಲ್ತಾನನನ್ನಾಗಿಸಿದರು.

"ನಿಮ್ಮ ಜನಕ್ಕೆ ನೋವಾಗಬಾರದಲ್ಲ" ಎಂದಳು ಗ್ಲೆನಿಸ್.

"ನಮ್ಮ ಜನ ಅಂತ ಇಲ್ಲಿರೋದು ನಾನೊಬ್ಬನೇ. ನನಗೆ ನೋವಿಲ್ಲ."

"ನೀವು ದೊಡ್ಡ ಮನಸ್ಸಿನವರು" ಎಂದು ಅವಳು ಅವರ ಕೈ ಹಿಡಿದುಕೊಂಡಳು. ತುರ್ಕಿಯವನ ಪಾತ್ರವನ್ನು ಇಂಡಿಯನ್ ಮಾಡಿದರೆ ಸರಿಹೋಗದೆಂದು, ಅದು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರಿಗೆ ಹೋಯಿತು. ಅವನು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಗೋಪೀನಾಥರ ಪಾಲಿಗೆ ಪರದೆ ಎಳೆಯುವ ಕೆಲಸ ಉಳಿಯಿತು. ಆಫೀಸಿನವರೆಲ್ಲ ಬಂದು ನೋಡಿ, ಪರದೆ ಸರಾಗವಾಗಿ ಸರಿಯಿತೆಂದು ಹೊಗಳಿದರು. ಅವರು ವಾರವಿಡೀ ಮಂಕಾಗಿದ್ದರು. ಸ್ನಾನದ ಮನೆಯಲ್ಲೂ ಹಾಡಲಿಲ್ಲ.

ನವೆಂಬರಿನಲ್ಲಿ ರಾಜ್ಯೋತ್ಸವ. ಹಾಡಬೇಕಿದ್ದವರಿಗೆ ಗಂಟಲು ಕಟ್ಟಿತೆಂದು ಸಂಘದ ಕಾರ್ಯದರ್ಶಿ ಬದರಿನಾಥ ಗೋಪೀನಾಥರನ್ನು ಕರೆದರು. ಅವರು ನಾಟಕದ ಆ ವಿರಹದ ಹಾಡಿನ ಧಾಟಿಗೇ ಕನ್ನಡದ ಮಾತು ಕೂಡಿಸಿ, ಹಾರ್ಮೋನಿಯಂ ಹಿಡಿದು, ತಮಗೆ ಸಿಗದೇ ಹೋದ ರಾಜ್ಯಕ್ಕೆಲ್ಲ ಸೇರಿಸಿ ಹಾಡಿದರು. ಮಗನ ಮನೆಗೆ ಬಂದಿದ್ದ ಮೈಸೂರಿನ ವಿಜಯಾ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಮ್ಮ ತಂದೆ ಇದನ್ನ ದಿನಾ ಹಾಡ್ತಿದ್ರಪ್ಪ. ಯಾವ ಕಂಪನೀದು, ನೆನಪಿಗೆ ಬರ್ತಿಲ್ಲ."

ಗೋಪೀನಾಥರು ನಿಜ ಹೇಳಲು ಬಾಯಿ ತೆರೆದರು. ಆಕೆಯ ಮುಖ ನೋಡಿ, "ತುಂಬಾ ಹಳೇ ಕಂಪನಿ, ಆಂಟಿ" ಎಂದರು.

ನಮ್ಮ ಸಂಸ್ಕೃತಿ ಮರೆಯಬಾರದೆಂದು ಬದರಿನಾಥರು ಮುಂದಿನ ಭಾನುವಾರದಿಂದಲೇ ಮಕ್ಕಳಿಗೆ ಆ ಹಾಡಿನ ಪಾಠ ಇಡಿಸಿದರು. ಬೇರೆ ಕನ್ನಡ ಹಾಡುಗಳಿಗೆ ತಡವರಿಸುತ್ತಿದ್ದ ಮಕ್ಕಳು ಇದನ್ನು ಬಹಳ ಬೇಗ ಕಲಿತರು.