ಮುತ್ಯಾನ ಹಣೆ

ಆಗಿನ್ನೂ ನಮ್ಮ ಕಡೆ ಫೋಟೊ ಎಂದರೆ ಮುಖ ತೊಳೆದು, ತಲೆ ಬಾಚಿ, ಆಳಂದದ ತನಕ ಬಸ್ಸಿನಲ್ಲಿ ಹೋಗಿ ತೆಗೆಸಿಕೊಳ್ಳುವ ವಸ್ತುವಾಗಿತ್ತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಕಾಕಾನ ಸ್ಟುಡಿಯೊ ಇತ್ತು. ಏಳನೆಯ ತರಗತಿ ಮುಗಿದ ಬೇಸಿಗೆಯನ್ನು ನಾನು ಅಲ್ಲೇ ಕಳೆದೆ. ಕೂಲರಿನ ಹಸಿ ಹುಲ್ಲಿನ ವಾಸನೆ, ಕನ್ನಡಿಯ ಬಳಿಯ ಪೌಡರಿನ ವಾಸನೆ, ಪ್ರಿಂಟರಿನಿಂದ ಬೆಚ್ಚಗೆ ಹೊರಬರುವ ಕಾಗದದ ವಾಸನೆ.

ದೀಪವನ್ನು ಎತ್ತರಕ್ಕೆ ಒಯ್ದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ಪಕ್ಕಕ್ಕೆ ತಂದರೆ ಮೂಗಿನ ನೆರಳು ಕೆನ್ನೆಗೆ ಬೀಳುತ್ತದೆ, ಎದುರಿಗೆ ಬಿಳಿ ಥರ್ಮಾಕೋಲ್ ಹಿಡಿದರೆ ಆ ನೆರಳು ತಿಳಿಯಾಗುತ್ತದೆ. ಇದನ್ನೆಲ್ಲ ನಾನು ಕಲಿತದ್ದು ಒಂದು ಗಡಿಗೆಯಿಂದ. ಸ್ಟೂಲಿನ ಮೇಲಿಟ್ಟು, ನಾದಿದ ಹಿಟ್ಟಿನ ಮೂಗು ಅಂಟಿಸಿದ್ದೆ. ಗಿರಾಕಿಗಳಿಗಿಂತ ಅದೇ ಮೇಲು, ಕಣ್ಣು ಮಿಟುಕಿಸುವುದಿಲ್ಲ ಎನ್ನುತ್ತಿದ್ದ ಕಾಕಾ.

ಒಂದು ದಿನ ಸರಸಂಬಾದಿಂದ ಆಯಿ ಬಂದಳು. ಆಕೆ ಕಾಕಾನ ತಾಯಿ, ನನ್ನ ಅಜ್ಜಿ. ಸೆರಗಿನೊಳಗೆ ಮುತ್ಯಾನ ಫೋಟೊ ಸುತ್ತಿಕೊಂಡು ತಂದಿದ್ದಳು. ಮುತ್ಯಾ ಎಂದರೆ ನನ್ನ ಅಜ್ಜ, ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಅವರದೆಂದು ಇದ್ದದ್ದು ಆ ಕಪ್ಪು ಬಿಳುಪಿನ ಫೋಟೊ ಒಂದೇ. ಗೋಡೆಯ ತೇವ ಒಳಹೊಕ್ಕು ಮುಖದ ತುಂಬ ಬಿಳಿ ಕಲೆ ಎದ್ದಿದ್ದವು.

"ದಿನಾ ನೋಡ್ತೇನಿ ಖರೆ, ಬರೀ ಕಲೀನೇ ಕಾಣ್ತಾವ," ಎಂದಳು ಕಾಕಾನಿಗೆ. "ಅವರ ಮಾರಿ ಮರ್ತ ಹೋಗಾಕತ್ತದಪಾ ನನಗ."

ಕಾಕಾನಿಗೆ ಮದುವೆ ಆಲ್ಬಮ್ಮುಗಳ ಕೆಲಸ ಮೈತುಂಬ ಇತ್ತು. ಫೋಟೊ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ತೆರೆದು ನನ್ನ ಮುಂದಿಟ್ಟ. ಪಕ್ಕದ ಚರ್ಮದ ತುಣುಕನ್ನು ಎತ್ತಿ ಕಲೆಯ ಮೇಲೆ ಮುಚ್ಚುತ್ತ ಹೋಗುವುದು. ಮೂರು ದಿನ ಮುಚ್ಚಿದೆ. ಆಮೇಲೆ ಬಣ್ಣ. ತಲೆಗೆ ಸುತ್ತಿದ ಪಟಗಾದ ಬಣ್ಣ ಕೇಳಿದ್ದಕ್ಕೆ ಆಯಿ, ಮದುವೆಯಲ್ಲಿ ಗುಲಾಬಿ ಇತ್ತು, ಬಿಸಿಲಿಗೆ ಬಾಡಿ ಉಳ್ಳಾಗಡ್ಡಿ ಸಿಪ್ಪೆಯಂತಾಗಿತ್ತು ಎಂದಳು. ಎರಡರ ನಡುವಿನ ಬಣ್ಣ ಹುಡುಕಲು ನನಗೆ ಒಂದಿಡೀ ಮಧ್ಯಾಹ್ನ ಹಿಡಿಯಿತು.

ಪ್ರಿಂಟನ್ನು ಆಯಿ ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

"ಇವರ್ಯಾರ ಬೇ?"

ನಾನು ನಗಲು ಹೊರಟಿದ್ದೆ. ಆಕೆ ನಗುತ್ತಿರಲಿಲ್ಲ.

"ನಿಮ್ಮ ಮುತ್ಯಾ ಬರೇ ಹಣೀಲೆ ಒಂದ ದಿನಾನೂ ಮನಿ ಬಿಟ್ಟವರಲ್ಲ. ಈಬತ್ತಿ ಎಲ್ಲಿ?"

ಕಲೆಗಳ ಜೊತೆಗೆ ವಿಭೂತಿಯನ್ನೂ ಅಳಿಸಿಬಿಟ್ಟಿದ್ದೆ. ಪ್ರತಿದಿನ ಸ್ನಾನವಾದ ಮೇಲೆ ಹಣೆಗೆ ಮೂರು ಗೆರೆ ಎಳೆದುಕೊಳ್ಳುತ್ತಿದ್ದವಳು ನಾನೇ. ಆದರೆ ಪರದೆಯ ಮೇಲೆ ಬಿಳಿಯಾಗಿ ಕಂಡದ್ದೆಲ್ಲ ನನಗೆ ಕಲೆಯಾಗಿತ್ತು. ಮೂಲವನ್ನು ತೆರೆದು ನೋಡಿದರೆ, ತೇವ ತಿಂದು ಉಳಿದ ಒಂದೆರಡು ಗೆರೆಯ ತುಣುಕುಗಳು ಮಾತ್ರ ಇದ್ದವು. ಬ್ರಷ್ ಹಿಡಿದು ಬಿಳಿ ಗೆರೆ ಎಳೆದೆ. ಗೋಡೆಗೆ ಸುಣ್ಣ ಬಳಿದಂತೆ ಕಂಡಿತು. ಕಾಕಾ ಬೈಯಲಿಲ್ಲ. ತನಗೂ ಹೊಳೆಯಲಿಲ್ಲವೆಂದು ಒಪ್ಪಿಕೊಂಡು, ಇಷ್ಟೇ ಹೇಳಿದ: "ಅದು ಬಣ್ಣ ಅಲ್ಲ ಬೇ, ಬೂದಿ. ಬೂದಿ ಮ್ಯಾಲ ಬೆಳಕ ಹ್ಯಾಂಗ ಕೂಡ್ತದ, ಮೊದ್ಲ ಅದನ್ನ ನೋಡು."

ಮರುದಿನ ಲಿಂಗಪೂಜೆ ಮುಗಿಸಿದ ಆಯಿಯನ್ನು ಕಿಟಕಿಯ ಬಳಿ ಕೂಡಿಸಿದೆ. ಎದುರಿನಿಂದ ಬೆಳಕು ಬಿದ್ದರೆ ವಿಭೂತಿ ಚಪ್ಪಟೆಯಾಗುತ್ತಿತ್ತು. ಪಕ್ಕಕ್ಕೆ ತಿರುಗಿಸಿದಾಗ ಪ್ರತಿ ಸುಕ್ಕಿನಲ್ಲೂ ಗೆರೆ ಮುರಿದು, ಮತ್ತೆ ಕೂಡಿಕೊಂಡು ಮುಂದೆ ಹೋಗುತ್ತಿತ್ತು. ಫೋಟೊದಲ್ಲಿ ಮುತ್ಯಾನಿಗೆ ಎಡಗಡೆಯಿಂದ ಬೆಳಕಿತ್ತು. ಆಯಿಯನ್ನೂ ಹಾಗೇ ತಿರುಗಿಸಿದೆ.

"ಹಣೀ ಒಂದ ತಗೀತಿಯೋ, ಮಾರೀನೂ ತಗೀತಿಯೋ?" ಎಂದು ಆಕೆ ಕೇಳಿದಳು. ಆಮೇಲೆ ಇದ್ದಕ್ಕಿದ್ದಂತೆ ಕೈ ಎತ್ತಿ ನನ್ನನ್ನು ನಿಲ್ಲಿಸಿ, ಹಣೆ ಒರೆಸಿಕೊಂಡಳು. ಅವರು ಹೀಗಲ್ಲ, ಬಲಕ್ಕೆ ಬರುತ್ತ ತುಸು ಏರಿಸಿ ಹಚ್ಚುತ್ತಿದ್ದರು ಎಂದಳು. ಕಣ್ಣು ಮುಚ್ಚಿ, ಮೂರು ಬೆರಳಿನಿಂದ, ಅವರು ಹಚ್ಚುತ್ತಿದ್ದ ಹಾಗೆ ತನ್ನ ಹಣೆಗೆ ಹಚ್ಚಿಕೊಂಡಳು. ನಾನು ಎರಡು ಅಡಿ ದೂರದಲ್ಲಿ ಕ್ಯಾಮೆರಾ ಹಿಡಿದು ಕುಳಿತಿದ್ದೆ.

ಹಾಗೆ ತೆಗೆದ ಫೋಟೊದಿಂದ ಆಯಿಯ ಹಣೆಯ ವಿಭೂತಿಯನ್ನು ಎತ್ತಿ ಮುತ್ಯಾನ ಹಣೆಗೆ ಇಟ್ಟೆ. ಅವರ ಸುಕ್ಕುಗಳು ಕೆಳಗಿನಿಂದ ಕಾಣುವ ತನಕ ಅದನ್ನು ತೆಳುವಾಗಿಸುತ್ತ ಹೋದೆ.

ಎರಡನೆಯ ಪ್ರಿಂಟನ್ನು ಆಯಿ ದೂರ ಹಿಡಿಯಲಿಲ್ಲ. ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಹ್ಞಾ," ಎಂದಳು. "ಈಗ ಬಂದ್ರು."

ಆಯಿ ಈಗ ಇಲ್ಲ. ಕಾಕಾನ ಸ್ಟುಡಿಯೊದ ಅರ್ಧ ಜಾಗದಲ್ಲಿ ಮೊಬೈಲ್ ಕವರುಗಳು ತೂಗುತ್ತವೆ. ಕಲೆ ಯಾವುದು, ಮುಖ ಯಾವುದು ಎಂಬುದನ್ನು ನನ್ನ ಫೋನು ಯಾರನ್ನೂ ಕೇಳದೆ ತಾನೇ ತೀರ್ಮಾನಿಸಿ, ಕಣ್ಣು ಮಿಟುಕಿಸುವುದರೊಳಗೆ ಒರೆಸಿಕೊಡುತ್ತದೆ. ಒಬ್ಬರ ಹಣೆಯನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡುವ ಸಲುಗೆ ಆ ಬೇಸಿಗೆಯ ನಂತರ ನನಗೆ ಸಿಕ್ಕಿಲ್ಲ. ಆದರೂ ಯಾರಾದರೂ ಮನೆಯ ಹಳೆಯ ಫೋಟೊ ಸರಿಮಾಡಲು ತಂದುಕೊಟ್ಟರೆ, ಮುಟ್ಟುವ ಮೊದಲು ಆ ಮುಖವನ್ನು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳುತ್ತೇನೆ. ಏನೂ ನೆನಪಿಲ್ಲ ಎಂದೇ ಹೆಚ್ಚಿನವರು ಶುರು ಮಾಡುತ್ತಾರೆ. ನಾನು ಆ ಮುಖವನ್ನು ದೊಡ್ಡದಾಗಿಸಿ ಅವರ ಮುಂದಿಡುತ್ತೇನೆ. ಸ್ವಲ್ಪ ಹೊತ್ತಿಗೆ ಅವರ ಕೈ ತಾನಾಗಿ ಪರದೆಯ ಕಡೆ ಏಳುತ್ತದೆ.