ಬಿಸಿ ಅಂಗೈ

ಕೂಸುಗಳನ್ನು ಮುಟ್ಟುವ ಮೊದಲು ನರ್ಸಬಾಯಿ ತಮ್ಮ ಎರಡೂ ಅಂಗೈಗಳನ್ನು ಕೊರಳಿಗೆ ಒತ್ತಿಕೊಂಡು ಬಿಸಿ ಮಾಡಿಕೊಳ್ಳುತ್ತಿದ್ದರು. ಸಿಡುಬಿನ ಕಲೆಯ ಕಪ್ಪು ಮುಖ, ಬಳೆ ತೆಗೆದಿಟ್ಟ ಬರಿಗೈ. ಮೊದಲ ಸಲ ನೋಡಿದಾಗ, ಪಾಪ, ಇವರಿಗೇ ಗಂಟಲು ನೋವಿರಬೇಕು ಎಂದುಕೊಂಡಿದ್ದೆ.

ಎಪ್ಪತ್ತರ ದಶಕದ ಮಾತು. ನನ್ನ ಚೊಚ್ಚಲ ಹೆಣ್ಣುಮಕ್ಕಳಿಬ್ಬರು ಹೊಟ್ಟೆಗೆ ಹೊಟ್ಟೆ ಅಂಟಿಕೊಂಡೇ ಹುಟ್ಟಿದ್ದರು. ಮುಂಡರಗಿಯಿಂದ ಗದಗಿನ ಆಸ್ಪತ್ರೆಗೆ ಬಂದಿದ್ದೆವು. ಬೇರ್ಪಡಿಸುವ ಆಪರೇಷನ್ ಹುಬ್ಬಳ್ಳಿಯಲ್ಲಿ, ಆದರೆ ಮಕ್ಕಳು ಇನ್ನಷ್ಟು ತೂಕ ಬಂದ ಮೇಲೆ ಎಂದಿದ್ದರು ಡಾಕ್ಟರು. ಅಲ್ಲಿಯವರೆಗೆ ಅವರನ್ನು ಉಳಿಸಿಕೊಳ್ಳುವ ಕೆಲಸ ನರ್ಸಬಾಯಿಯ ಪಾಲಿಗೆ ಬಂತು. ಇಬ್ಬರ ನಡುವಿನ ಚರ್ಮ ಕೆಂಪಾಗದಂತೆ ಹತ್ತಿ ಇಡುವರು, ಮಗ್ಗುಲು ಬದಲಿಸುವರು, ನನ್ನ ಹಾಲು ಹಿಂಡಿಸಿ ಚಮಚದಲ್ಲಿ ಕುಡಿಸುವರು. ನೋಡಲು ಬಂದು, ದೇವರೇ ಹುಟ್ಟಿದ್ದಾರೆಂದು ಕೈಮುಗಿದು ಕಾಯಿ ಒಡೆಯಲು ಹೊರಟವರನ್ನು, "ಇದು ಗುಡಿ ಅಲ್ರಿ, ಹೊರಗ ನಡೀರಿ" ಎಂದು ಬಾಗಿಲಿಂದಲೇ ಅಟ್ಟುವರು. ಬಾಯಿ ಬಲು ಬಿರುಸು. ನನಗೂ ಬೈಗುಳ ತಪ್ಪಿರಲಿಲ್ಲ.

ದೊಡ್ಡದು ಅಳುಬುರುಕಿ, ಸಣ್ಣದು ಸಪ್ಪಗೆ ಮಲಗಿರುತ್ತಿತ್ತು. ನನಗೆ ಜ್ವರ ಇದ್ದುದರಿಂದ, ನರ್ಸಬಾಯಿ ಇಲ್ಲದ ಹೊತ್ತಿನಲ್ಲಿ ಹಾಲು ಕುಡಿಸುವವರು ನನ್ನ ಅತ್ತೆ. ದೊಡ್ಡದರ ಕೆನ್ನೆ ತುಂಬಿತು, ಸಣ್ಣದರ ತುಟಿ ಒಣಗುತ್ತ ಬಂತು. ಒಂದು ಮಧ್ಯಾಹ್ನ ನರ್ಸಬಾಯಿಗೆ ಕಾರಣ ಸಿಕ್ಕಿತು. ಅತ್ತೆ ಅಳುವವಳಿಗಷ್ಟೇ ಕುಡಿಸುತ್ತಿದ್ದರು.

"ಹೊಟ್ಟಿ ಕೂಡಿಕೊಂಡಾವಲ್ರಿ ಬಾಯಾರ, ಈಕಿ ಕುಡದದ್ದು ಆಕಿಗೂ ಹೋಗತೈತಿ" ಎಂದರು ಅತ್ತೆ, ಒಂದಿಷ್ಟೂ ಕಪಟವಿಲ್ಲದೆ.

ಈಗ ಬೈಗುಳ ಗ್ಯಾರಂಟಿ ಎಂದುಕೊಂಡೆ. ನರ್ಸಬಾಯಿ ಬೈಯಲಿಲ್ಲ.

"ಹೊರಗಷ್ಟ ಕೂಡೇತ್ರಿ ಅವ್ವಾರ, ಒಳಗ ಹೊಟ್ಟಿ ಬ್ಯಾರೆ ಬ್ಯಾರೆ. ಇವಕ್ಕ ಹೆಸರ ಇಟ್ಟೀರೇನು?"

"ಆಪರೇಷನ್ ಆಗಲಿ ತಡೀರಿ. ಈಗ ಹೆಸರಿಟ್ರ ಮಾಯಾ ಹತ್ತತೈತಿ, ಆಮ್ಯಾಲ ಬಿಟ್ಟಿರಾಕ ಆಗಂಗಿಲ್ಲ" ಎಂದರು ಅತ್ತೆ.

ನರ್ಸಬಾಯಿ ಮಕ್ಕಳ ಬಟ್ಟೆ ಬದಲಿಸುತ್ತ, ಸುಮ್ಮನೆ ಎಂಬಂತೆ ಅತ್ತೆಯನ್ನು ಕೇಳಿದರು: "ನಿಮ್ಮವ್ವನ ಹೆಸರೇನ್ರಿ?"

"ನೀಲವ್ವ. ನಾ ಸಣ್ಣಾಕಿದ್ದಾಗ ನನ್ನ ಬಿಟ್ಟ ತೀರಿಹೋದ್ಲು."

ಹೆಸರಿಡುವಾಗ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ನರ್ಸಬಾಯಿ ಬಗ್ಗಿ, ಸಣ್ಣದರ ಕಿವಿಯಲ್ಲಿ "ಕುರ್ರ್... ನೀಲವ್ವ" ಎಂದರು. ದೊಡ್ಡದರ ಕಿವಿಯಲ್ಲಿ ನಾನು ಹೇಳಿಕೊಟ್ಟ ನನ್ನ ಅಜ್ಜಿಯ ಹೆಸರು, ಬಸವ್ವ. ಆಮೇಲೆ ನನಗೆ ಬೆನ್ನು ತಿರುಗಿಸಿ, "ಗುದ್ದವಾ, ಸೋದರತ್ತಿ ಆಗೀನಿ" ಎಂದರು. ಗುದ್ದಿದೆ. ಗುದ್ದುತ್ತಲೇ ನನಗೆ ಅಳು ಬಂತು.

ಅಂದಿನಿಂದ ಅತ್ತೆ ಚಮಚ ಹಿಡಿದರೆ ಮೊದಲ ಗುಟುಕು ಸಣ್ಣದಕ್ಕೆ. "ಕುಡಿಯವಾ, ನಮ್ಮವ್ವಾ" ಎನ್ನುತ್ತ ತುಟಿ ಒರೆಸುವರು.

ಇಬ್ಬರೂ ಮೈ ತುಂಬಿಕೊಂಡರು. ಹುಬ್ಬಳ್ಳಿಗೆ ನರ್ಸಬಾಯಿಯೂ ನಮ್ಮ ಜೊತೆ ಬಂದರು. ಆಪರೇಷನ್ ಆದ ಮೇಲೆ ಬಸವ್ವ ಉಳಿದಳು, ನೀಲವ್ವ ಉಳಿಯಲಿಲ್ಲ. ಮಣ್ಣು ಮಾಡುವ ಮೊದಲು ಅತ್ತೆ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು, "ಎರಡನೇ ಸಲನೂ ಬಿಟ್ಟ ಹೊಂಟೆಲ್ಲ ಯವ್ವಾ" ಎಂದು ಗೋಳಾಡಿದರು. ಮಾಯೆ ಹತ್ತಿತ್ತು. ಹತ್ತದೇ ಹೋಗಿದ್ದರೆ ನನ್ನ ಆ ಮಗಳಿಗಾಗಿ ಅಳಲು ಮನೆಯಲ್ಲಿ ನಾನೊಬ್ಬಳೇ ಇರುತ್ತಿದ್ದೆ.

ಎಂಬತ್ತರ ದಶಕದ ಕೊನೆಗೆ ನರ್ಸಬಾಯಿ ಬೆಟಗೇರಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಬಸವ್ವನನ್ನು ಕರೆದುಕೊಂಡು ಹೋದೆ. ಅವರ ಕೈ ತಣ್ಣಗಾಗಿತ್ತು. ನನ್ನ ಎರಡೂ ಅಂಗೈಗಳನ್ನು ಕೊರಳಿಗೆ ಒತ್ತಿ ಬಿಸಿ ಮಾಡಿಕೊಂಡು, ಆಮೇಲೆ ಆ ಕೈ ಹಿಡಿದೆ.