ನೆಲಮಾಳಿಗೆಯಿಂದ ಬಂದ ‘ಗೊತ್ತ’

ಗುಡ್ ಫ್ರೈಡೇ ಬೆಳಗು. ಎಟೋಬಿಕೋಕ್‌ನ ಹಳೆಯ ಜರ್ಮನ್ ಚರ್ಚಿನ ಬೇಸ್‌ಮೆಂಟಿನಲ್ಲಿ ವೀರಭದ್ರಪ್ಪ ಫರ್ನೇಸಿನ ಮೈಗೆ ಅಂಗೈ ಇಟ್ಟು ನಿಂತಿದ್ದಾರೆ. ಹಾಡು ಶುರುವಾಗುವ ಮೊದಲು ಕಟ್ಟಡ ಬೆಚ್ಚಗಾಗಬೇಕು. ಶುರುವಾದ ಮೇಲೆ ಯಾವ ಯಂತ್ರವೂ ಉಸಿರೆತ್ತಬಾರದು. ಫ್ಯಾನು, ಅಡುಗೆಮನೆಯ ಫ್ರಿಜ್ಜು, ಗುಂಯ್‌ಗುಡುವ ಟ್ಯೂಬ್‌ಲೈಟು, ಎಲ್ಲವನ್ನೂ ಆರಿಸುವವರು ಇವರೇ.

“ಕಸಾ ಯಾರರ ಹೊಡೀತಾರ್ರಿ. ಸಪ್ಪಳ ತಗಿಯೂದು ನನ್ನ ಕೆಲಸ,” ಎನ್ನುತ್ತಾರೆ, ಮಾತಾಡಿಸಲು ಬಂದ ನನಗೆ.

ಹುಬ್ಬಳ್ಳಿಯ ನೂಲಿನ ಗಿರಣಿಯಲ್ಲಿ ದುಡಿದವರು. ಗಿರಣಿ ಮುಚ್ಚಿದ ಮೇಲೆ ಹೆಂಡತಿ, ಮಗಳೊಂದಿಗೆ ಈ ಚಳಿಯ ಪರದೇಶಕ್ಕೆ ಬಂದರು. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಬೆನ್ನು ಕೆಟ್ಟಾಗ ಚರ್ಚು ನೋಡಿಕೊಳ್ಳುವ ಈ ಕೆಲಸ ಸಿಕ್ಕಿತು. ಅಂಗಿಯೊಳಗೆ ಲಿಂಗವಿದೆ. “ನಡೀತದೇನು ಅಂತ ಮೊದಲನೇ ದಿನಾನ ಕೇಳಿದ್ನಿ. ನಡೀತದ ಅಂದ್ರು.” ಮಾತು ಮಾತ್ರ ಈಗಲೂ ಗಿರಣಿಯದೇ. ಮಗ್ಗುಲಲ್ಲಿ ನಿಂತವರಿಗೂ ಕೂಗಿಯೇ ಹೇಳುತ್ತಾರೆ.

ಅದೇ ಕಳೆದ ವರ್ಷ ಕೈಕೊಟ್ಟಿತು. ಪ್ರತಿ ವರ್ಷ ಇದೇ ದಿನ ಇಲ್ಲಿ ಹಾಡುವುದು, ಸತ್ತವರಿಗಾಗಿ ಬರೆದ, ನಾನೂರು ವರ್ಷ ಹಳೆಯ ಜರ್ಮನ್ ಪ್ರಾರ್ಥನೆ. ವಾದ್ಯವಿಲ್ಲ. ಎರಡು ಗುಂಪು ಎದುರುಬದುರು ನಿಂತು ‘ಗೊತ್ತ್, ಗೊತ್ತ್’ ಎಂದು ಒಬ್ಬರಿಗೊಬ್ಬರು ಓಗೊಡುತ್ತವೆ. ನಡುವೆ ಒಂದು ಕಡೆ ಎಲ್ಲರೂ ಒಟ್ಟಿಗೆ ನಿಲ್ಲಿಸುತ್ತಾರೆ. ಹೋದ ವರ್ಷ ಆ ಮೌನದಲ್ಲಿ, ಕೆಳಗೆ, ವೀರಭದ್ರಪ್ಪನವರ ಫೋನು ನಡುಗಿತು. ಹೆಂಡತಿ ಶಾರದವ್ವ.

“ರೀ, ಬಿಪಿ ಗುಳಿಗಿ ತಗೋಬೇಕಂತ ಗೊತ್ತೈತಿಲ್ಲೋ?”

“ಗೊತ್ತ! ಗೊತ್ತೈತಿ ಬಿಡ!”

ಫ್ಯಾನು ನಿಂತಿತ್ತು. ಫರ್ನೇಸಿನ ಬಿಸಿಗಾಳಿಯ ಕೊಳವೆ ಆ ದನಿಯನ್ನು ನೇರ ಮೇಲಿನ ಸಭಾಂಗಣಕ್ಕೆ ಒಯ್ದಿತು. ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆ.

ಈ ಕಥೆ ಕೇಳಿ ನನಗೂ ನಗು ಬಂತು. ವೀರಭದ್ರಪ್ಪ ನಗಲಿಲ್ಲ. ನಾನು ನೆಲ ನೋಡಿದೆ.

“ಹಾಡ್ಸೂ ಬಾಯಾರು ಬೈಲಿಲ್ರಿ. ‘ಹಾಡಿನಾಗ ಸರಿಯಾದ ಜಾಗಾಕ್ಕ ದನಿ ಸೇರಿಸಿದಿ’ ಅಂತ ಬೆನ್ನ ತಟ್ಟಿದ್ರು. ಬೈದಿದ್ರ ಚಲೋ ಇತ್ತು.” ಮನೆಯಲ್ಲಿ ಮಗಳು ಮಾಧುರಿ ಸಮಾಧಾನ ಹೇಳಿದಳಂತೆ: “ಅಪ್ಪಾ, ರಿಲ್ಯಾಕ್ಸ್. ಜರ್ಮನ್‌ನಾಗ ಇಟ್ ಜಸ್ಟ್ ಮೀನ್ಸ್ ಗಾಡ್.” ಅದರಿಂದ ನಾಚಿಕೆ ಇನ್ನಷ್ಟು ಹೆಚ್ಚಿತು. “ಸತ್ತವರ ಸಲುವಾಗಿ ಅಳೂ ಮಂದಿ ಇದ್ರು ಅಲ್ಲಿ. ಅವರ ದೇವರ ಹೆಸರು ನಾ ಗುಳಿಗಿ ಸಲುವಾಗಿ ಒದರಿದ್ನಿ.”

ಅಂದಿನಿಂದ ಜನರಿರುವಾಗ ಅವರು ಮೇಲೆ ಹೋಗಿಲ್ಲ. ಉಳಿದ ದಿನ ಯಾರೂ ಬರುವ ಮೊದಲೇ ಗುಡಿಸಿ, ಹಿಂಬಾಗಿಲಿನಿಂದ ಹೊರಟುಬಿಡುತ್ತಾರೆ. ಈ ವರ್ಷ ಆ ಬಾಯಾರು, ಹಾಡಿನ ಗುಂಪು ನಡೆಸುವ ಮಹಿಳೆ, ಮೊದಲ ಸಾಲಿನಲ್ಲಿ ಅವರಿಗೊಂದು ಕುರ್ಚಿ ಇಡಿಸಿದ್ದಾರೆ.

“ಹೋಗ್ತೀರಾ?” ಎಂದೆ. ಅವರು ಖಾಲಿ ಜೇಬು ತಟ್ಟಿ ತೋರಿಸಿದರು. ಫೋನು ಮನೆಯಲ್ಲೇ ಬಿಟ್ಟು ಬಂದಿದ್ದಾರೆ.

ಜನ ಸೇರುತ್ತಾರೆ. ವೀರಭದ್ರಪ್ಪ ಒಂದೊಂದೇ ಸ್ವಿಚ್ಚು ಆರಿಸಿ, ಮೆಟ್ಟಿಲು ಹತ್ತಿ, ಅರ್ಧಕ್ಕೇ ಕುಳಿತುಬಿಡುತ್ತಾರೆ. ಹಾಡು ಏಳುತ್ತದೆ, ಓಗೊಡುತ್ತದೆ, ನಿಲ್ಲುತ್ತದೆ. ಅವರ ಅಂಗೈ ಬಾಯಿಯ ಮೇಲಿದೆ. ಮೇಲಿನ ಕುರ್ಚಿ ಖಾಲಿ.

ಎಲ್ಲ ಮುಗಿದ ಮೇಲೆ, ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಮೊದಲ ಬಾರಿಗೆ ಅವರು ಮೆಲ್ಲಗೆ ಮಾತಾಡಿದರು.

“ಆ ಸುಮ್ಮನಿರೂ ಜಾಗಾ ಬರ್ತದಲ್ರಿ, ಅಲ್ಲಿ ಮಂದಿಗೆ ನನ್ನ ನೆನಪು ಆಗಬಾರದು. ಅಷ್ಟರ ಆತಂದ್ರ ಸಾಕು.”